ಪತ್ತೇದಾರನ ನೆರಳು

ರಾತ್ರಿಯ ರೈಲಿನಲ್ಲಿ ಪ್ರಯಾಣ ಮಾಡುವಾಗ ಕಿಟಕಿಯ ಗಾಜಿನಲ್ಲಿ ತಮ್ಮದೇ ಮುಖವನ್ನು ಕಾಣದವರು ವಿರಳ. ಹಗಲಿನಲ್ಲಿ ಅದೇ ಗಾಜಿನಾಚೆ ಹೊಲಗದ್ದೆಗಳು ಕಾಣುತ್ತವೆ, ಮುಖ ಕಾಣುವುದಿಲ್ಲ. ಗಾಜೇನೂ ಬದಲಾಗಿಲ್ಲ. ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜಿನ ಒಂದೊಂದು ಮೈಯೂ ನೂರಕ್ಕೆ ಸುಮಾರು 4 ಪಾಲನ್ನು, ಎರಡು ಮೈಗಳೂ ಕೂಡಿ ಸುಮಾರು 8 ಪಾಲನ್ನು, ಹಿಂದಕ್ಕೆ ಕಳುಹಿಸುತ್ತವೆ. ಹಗಲಿರಲಿ, ಇರುಳಿರಲಿ, ಲೆಕ್ಕ ಒಂದೇ. ಹಗಲಿನಲ್ಲಿ ಹೊರಗಿನಿಂದ ನುಗ್ಗಿಬರುವ ಬೆಳಕಿನ ಮುಂದೆ ಈ 8 ಪಾಲನ್ನು ಕಣ್ಣು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಆಚೆ ಕತ್ತಲೆ ಕವಿದೊಡನೆ ಅದೇ 8 ಪಾಲು ಕನ್ನಡಿಯಾಗಿ ನಿಲ್ಲುತ್ತದೆ.

ಇಷ್ಟು ಸಣ್ಣ ಸಂಗತಿಯನ್ನು ನಂಬಿ ಪತ್ತೇದಾರನೊಬ್ಬನು ಒಂದು ಜೀವವನ್ನು ಉಳಿಸುವ ಕಥೆ 1952ರಲ್ಲಿ ತೆರೆಕಂಡ ‘ದಿ ನ್ಯಾರೋ ಮಾರ್ಜಿನ್’ ಎಂಬ ಹಾಲಿವುಡ್ ಚಿತ್ರದಲ್ಲಿದೆ. ಷಿಕಾಗೊದಿಂದ ಲಾಸ್ ಏಂಜಲೀಸಿಗೆ ಹೊರಟ ರೈಲಿನಲ್ಲಿ, ಸಾಕ್ಷಿ ಹೇಳಬೇಕಾದ ಹೆಂಗಸೊಬ್ಬಳ ಕೋಣೆಯೊಳಕ್ಕೆ ಕೊಲೆಗಾರನು ನುಗ್ಗಿದ್ದಾನೆ. ಮುಚ್ಚಿದ ಬಾಗಿಲಿನ ಈಚೆ ಪತ್ತೇದಾರ. ಒಳಗೆ ಯಾರು ಎಲ್ಲಿ ನಿಂತಿದ್ದಾರೆಂದು ತಿಳಿಯದೆ ಗುಂಡು ಹಾರಿಸಿದರೆ ಯಾರು ಸಾಯುವರೋ ಹೇಳಲಾಗದು. ಆಗ ಪಕ್ಕದ ಹಳಿಯ ಮೇಲಿನ ರೈಲಿನ ಕಿಟಕಿಗಾಜಿನಲ್ಲಿ ಆ ಕೋಣೆಯ ಪ್ರತಿಬಿಂಬ ಅವನ ಕಣ್ಣಿಗೆ ಬೀಳುತ್ತದೆ. ಸಮತಲ ದರ್ಪಣದಲ್ಲಿ ಬಿಂಬವು ವಸ್ತು ಮುಂದೆ ಎಷ್ಟು ದೂರವೋ ಹಿಂದೆ ಅಷ್ಟೇ ದೂರದಲ್ಲಿ ಕಾಣುವುದೆಂದು ಪಾಠದಲ್ಲಿ ಓದಿದವರು, ಕಂಡ ಬಿಂಬದಿಂದ ಆಳಿರುವ ನಿಜವಾದ ಎಡೆಯನ್ನು ಅವನು ಮನಸ್ಸಿನಲ್ಲೇ ಹೇಗೆ ಎಣಿಸಿರಬೇಕೆಂದು ಊಹಿಸಬಹುದು. ಗುಂಡು ಬಾಗಿಲನ್ನು ಸೀಳಿಕೊಂಡು ಹೋಗುತ್ತದೆ. ಕೊನೆಯನ್ನು ಹೇಳಿಬಿಟ್ಟೆವೆಂದು ಓದುಗರು ಕೋಪಿಸಿಕೊಳ್ಳಬಾರದು. ಆ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಗುಟ್ಟೊಂದುಂಟು. ಅದನ್ನು ನಾವು ಹೇಳಿಲ್ಲ.

ಇದು ಹಣವಿಲ್ಲದವರ ಚಿತ್ರ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳನ್ನು ತೋರಿಸತೊಡಗಿದವು. ಹಿರಿಯ ಚಿತ್ರಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ಪಾಲು. ಜೊತೆಯ ‘ಬಿ’ ಚಿತ್ರಕ್ಕೆ ಗೊತ್ತುಪಡಿಸಿದ ಬಾಡಿಗೆ ಮಾತ್ರ. ಎಷ್ಟು ಚೆನ್ನಾಗಿ ತೆಗೆದರೂ ಬಾಡಿಗೆ ಹೆಚ್ಚುವಂತಿಲ್ಲ. ಆದುದರಿಂದ ಖರ್ಚೂ ಹೆಚ್ಚುವಂತಿಲ್ಲ. ಒಂದು ಗಂಟೆಯಷ್ಟೋ, ಅದಕ್ಕೆ ಹತ್ತು ಹದಿನೈದು ನಿಮಿಷ ಮೇಲೋ ಓಡುವ ಪತ್ತೇದಾರಿ ಕಥೆ ಈ ಕಟ್ಟಿಗೆ ಹೇಳಿ ಮಾಡಿಸಿದಂತಿತ್ತು. ಯೂನಿವರ್ಸಲ್ ಸಂಸ್ಥೆ 1942ರಿಂದ 1946ರವರೆಗೆ ಇಂಥ 12 ಷೆರ್ಲಾಕ್ ಹೋಮ್ಸ್ ಚಿತ್ರಗಳನ್ನು ಹೊರತಂದಿತು. ಚಾರ್ಲಿ ಚಾನ್ ಎಂಬ ಚೀನೀ ಪತ್ತೇದಾರನ ಪಾತ್ರವನ್ನು ವರ್ಷಗಟ್ಟಲೆ ಬಿಳಿಯ ನಟರೇ ವಹಿಸಿದರು. ಈ ಕಳಂಕಕ್ಕೆ ಹಣದ ಕೊರತೆಯ ನೆಪ ಹೇಳಲಾಗದು.

ರೈಲಿನ ಚಿತ್ರಕ್ಕೇ ಮರಳೋಣ. ಓಡುವ ಬಂಡಿ ಅಲುಗಾಡಬೇಕು. ಇಡೀ ಕೋಣೆಯ ಸೆಟ್ಟನ್ನು ಸ್ಪ್ರಿಂಗುಗಳ ಮೇಲೆ ಕೂರಿಸಿ ಕುಲುಕುವುದು ದುಬಾರಿಯ ದಾರಿ. ನಿರ್ದೇಶಕ ರಿಚರ್ಡ್ ಫ್ಲೈಷರ್ ಸೆಟ್ಟನ್ನು ನೆಲಕ್ಕೆ ಭದ್ರಪಡಿಸಿ, ಕ್ಯಾಮರಾವನ್ನು ಕೈಯಲ್ಲಿ ಹಿಡಿಸಿ ಅದನ್ನೇ ಅಲುಗಾಡಿಸಿದರು. ಫಿಲ್ಮಿಗೆ ಗೊತ್ತಾಗುವುದು ಸಾಪೇಕ್ಷ ಚಲನೆಯೊಂದೇ. ಅಲುಗಿದ್ದು ಗೋಡೆಯೋ ಮಸೂರವೋ ಅದಕ್ಕೆ ತಿಳಿಯದು. ಸಂಗೀತಕ್ಕೂ ಖರ್ಚಿಲ್ಲ, ಅದರ ಸ್ಥಾನದಲ್ಲಿ ರೈಲಿನ ಸದ್ದೇ ಕೇಳಿಸುತ್ತದೆ.

ಇನ್ನು ಕತ್ತಲೆಯ ಮಾತು. ಸೆಟ್ಟಿನ ಬಡತನವನ್ನು ಮುಚ್ಚಲು ಈ ಚಿತ್ರಗಳನ್ನು ಕತ್ತಲೆಯಲ್ಲಿ ತೆಗೆದರೆಂದು ಹೇಳುವುದುಂಟು. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ದೀಪದಿಂದ ದೂರ ಹೋದಂತೆ ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ನಟನಿಂದ 1 ಮೀಟರು, ಹಿಂದಿನ ಗೋಡೆಯಿಂದ 4 ಮೀಟರು ದೂರದಲ್ಲಿ ಒಂದು ಚಿಕ್ಕ ದೀಪವನ್ನಿಟ್ಟರೆ ಗೋಡೆಯ ಮೇಲೆ ಬೀಳುವುದು ಮುಖದ ಮೇಲಿನ ಬೆಳಕಿನ 16ನೇ ಒಂದು ಪಾಲು. ಮುಖಕ್ಕೆ ತಕ್ಕಂತೆ ಕ್ಯಾಮರಾವನ್ನು ಹೊಂದಿಸಿದಾಗ ಗೋಡೆ ತಾನಾಗಿ ಮಸುಕಾಗಿ ಮರೆಯಾಗುತ್ತದೆ. ಅದಕ್ಕೆ ಬಣ್ಣವೂ ಬೇಡ, ಚಿತ್ರಪಟವೂ ಬೇಡ. ಅದೇ ದೀಪವನ್ನು ನಟನಿಂದ 6 ಮೀಟರಿಗೂ ಗೋಡೆಯಿಂದ 9 ಮೀಟರಿಗೂ ಸರಿಸಿದರೆ ಗೋಡೆಗೆ ಹೆಚ್ಚು ಕಡಿಮೆ ಅರ್ಧ ಪಾಲು ದೊರೆತು, ಅದರ ಬಡತನವೆಲ್ಲ ಬಯಲಾಗುತ್ತದೆ. ಕತ್ತಲೆಯೇನೋ ಅಗ್ಗವೇ, ಅದನ್ನು ಬೇಕಾದ ಕಡೆ ಇಡಲು ಅಳತೆ ಗೊತ್ತಿರಬೇಕು.

ನೆರಳಿನ ಅಂಚಿಗೂ ಇಂಥದೇ ಅಳತೆಯುಂಟು. 10 ಸೆಂಟಿಮೀಟರು ಅಗಲದ ದೀಪದಿಂದ 2 ಮೀಟರು ದೂರದಲ್ಲಿ ಮನುಷ್ಯನು ನಿಂತು, ಅವನ ಹಿಂದೆ ಇನ್ನೂ 2 ಮೀಟರು ದೂರದಲ್ಲಿ ಗೋಡೆಯಿದ್ದರೆ, ನೆರಳಿನ ಸುತ್ತ 10 ಸೆಂಟಿಮೀಟರು ಅಗಲದ ಅರೆನೆರಳು ಹರಡುತ್ತದೆ. ಅವನು ಗೋಡೆಗೆ 20 ಸೆಂಟಿಮೀಟರು ದೂರದವರೆಗೆ ಸರಿದು ದೀಪವನ್ನೂ ಅಷ್ಟೇ ಮುಂದಕ್ಕೆ ತಂದರೆ ಅದು 1 ಸೆಂಟಿಮೀಟರಿಗೆ ಇಳಿಯುತ್ತದೆ. ಕತ್ತರಿಸಿಟ್ಟಂತಹ ಚೂಪಾದ ಆ ನೆರಳುಗಳು ಸಣ್ಣ ದೀಪದ ಕೊಡುಗೆ. ಮನೆಯಲ್ಲಿ ಒಂದು ಟಾರ್ಚು, ಒಂದು ಬಾಚಣಿಗೆ ಇದ್ದರೆ ಇದನ್ನು ಗೋಡೆಯ ಮೇಲೆ ಈ ರಾತ್ರಿಯೇ ನೋಡಬಹುದು.

ಈ ವಿದ್ಯೆಯಲ್ಲಿ ಪಳಗಿದವರು ಹಂಗೆರಿಯಲ್ಲಿ ಹುಟ್ಟಿದ ಛಾಯಾಗ್ರಾಹಕ ಜಾನ್ ಆಲ್ಟನ್. 1949ರಲ್ಲಿ ಅವರು ‘ಪೇಂಟಿಂಗ್ ವಿತ್ ಲೈಟ್’ ಎಂಬ ಪುಸ್ತಕವನ್ನೇ ಬರೆದರು. ಮುಂದೆ ಮೇಲ್ಮಟ್ಟದ ವರ್ಣಚಿತ್ರವೊಂದರ ನೃತ್ಯಭಾಗಕ್ಕಾಗಿ ಆಸ್ಕರ್ ಪ್ರಶಸ್ತಿಯಲ್ಲಿ ಪಾಲನ್ನೂ ಪಡೆದರು. ನಮಗೆ ಮಾತ್ರ 1948ರ ‘ಹಿ ವಾಕ್ಡ್ ಬೈ ನೈಟ್’ ಹೆಚ್ಚು ಮೆಚ್ಚುಗೆ. ಅದರಲ್ಲಿ ಪೊಲೀಸರು ಸಾಕ್ಷಿಗಳ ನೆನಪಿನಿಂದ ಕಣ್ಣು, ಮೂಗು, ಬಾಯಿಗಳನ್ನು ಸ್ಲೈಡುಗಳ ಮೂಲಕ ತೆರೆಯ ಮೇಲೆ ಒಂದೊಂದಾಗಿ ಜೋಡಿಸಿ ಅಪರಾಧಿಯ ಮುಖವನ್ನು ಕಟ್ಟುತ್ತಾರೆ. ಕಡೆಗೆ ಅವನು ಲಾಸ್ ಏಂಜಲೀಸಿನ ಮಳೆನೀರಿನ ಸುರಂಗಗಳನ್ನು ಹೊಕ್ಕು ಓಡುತ್ತಾನೆ. ಬೆನ್ನಟ್ಟಿದವರ ಕೈಯಲ್ಲಿ ಟಾರ್ಚುಗಳು. ಶುದ್ಧವಾದ ಗಾಳಿಯಲ್ಲಿ ಬೆಳಕಿನ ಕಿರಣ ಪಕ್ಕದಿಂದ ಕಾಣಿಸದು. ಹೊಗೆ, ಧೂಳು, ನೀರಿನ ಹನಿಗಳು ಬೆಳಕನ್ನು ಚದರಿಸಿ ಕಣ್ಣಿಗೆ ತಲಪಿಸಿದಾಗಲೇ ಅದು ಬೆಳ್ಳನೆಯ ಕೋಲಾಗಿ ತೋರುತ್ತದೆ. ಆ ಕೋಲುಗಳು ಸುರಂಗದಲ್ಲಿ ಹತ್ತಿರವಾಗುತ್ತಿರುವಂತೆ ಅವನು ಮೇಲಿನ ಕಬ್ಬಿಣದ ಮುಚ್ಚಳವನ್ನು ತಳ್ಳುತ್ತಾನೆ. ಮುಚ್ಚಳ ಏಳುವುದಿಲ್ಲ. ಮೇಲೆ ರಸ್ತೆಯಲ್ಲಿ, ಸರಿಯಾಗಿ ಅದರ ಮೇಲೆಯೇ, ಒಂದು ಕಾರಿನ ಚಕ್ರ ನಿಂತಿದೆ.