ಹೋಟೆಲ್ ಪಾಯಿಂಟ್ ಮೇಲೆ 40% ರಿಯಾಯಿತಿ: ತಗೋಬೇಕಾ, ಬಿಡಬೇಕಾ?

(ಸಂಚಿಕೆಯ ಬರಹರೂಪ)

ಈ ಸಂಚಿಕೆ ಕೇಳುಗರೊಬ್ಬರ ಪ್ರಶ್ನೆಯಿಂದ ಶುರು ಆಗುತ್ತೆ. "ಅಪ್ಪ ಅಮ್ಮನ ಮದುವೆ ಆಗಿ 30 ವರ್ಷ ಆಗ್ತಿದೆ. ಐದು ರಾತ್ರಿ ಒಳ್ಳೆ ಹೋಟೆಲ್‌ನಲ್ಲಿ ಇರ್ಲಿ ಅಂತ ದುಡ್ಡು ಕೂಡಿಟ್ಟಿದ್ದೀನಿ. ಮ್ಯಾರಿಯಟ್ ಪಾಯಿಂಟ್ ಮೇಲೆ 40% ರಿಯಾಯಿತಿ ಅಂತ ಮೇಲ್ ಬಂದಿದೆ, ಇನ್ನು ಮೂರೇ ದಿನ. ಈಗಲೇ ತಗೊಂಡ್ಬಿಡ್ಲಾ?"

ಒಂದೇ ಮಾತಲ್ಲಿ ಹೇಳೋದಾದ್ರೆ, ರಿಯಾಯಿತಿ ಎಷ್ಟು ಅನ್ನೋದು ಮುಖ್ಯ ಅಲ್ಲ. ನೀವು ಉಳ್ಕೊಳ್ಳೋ ಆ ರೂಮು, ಆ ದಿನ, ಅದಕ್ಕೆ ದುಡ್ಡು ಎಷ್ಟು, ಪಾಯಿಂಟ್ ಎಷ್ಟು? ಇದು ಗೊತ್ತಿಲ್ಲದೆ ಪಾಯಿಂಟ್ ಕೊಂಡ್ರೆ, ಅಳತೆ ಕೊಡದೆ ಬ್ಲೌಸ್ ಹೊಲಿಸೋಕೆ ಹಾಕಿದ ಹಾಗೆ.

ಪಾಯಿಂಟ್ ಅಂದ್ರೆ ಏನು?

ಮ್ಯಾರಿಯಟ್, ಹಿಲ್ಟನ್, ಹಯಾತ್, ಐಎಚ್‌ಜಿ ಥರದ ದೊಡ್ಡ ಕಂಪನಿಗಳ ಹೋಟೆಲ್‌ನಲ್ಲಿ ಉಳ್ಕೊಂಡ್ರೆ ಸದಸ್ಯರ ಖಾತೆಗೆ ಪಾಯಿಂಟ್ ಬರುತ್ತೆ. ಸಾಕಷ್ಟು ಸೇರಿದ್ಮೇಲೆ ದುಡ್ಡಿನ ಬದಲು ಪಾಯಿಂಟ್ ಕೊಟ್ಟು ರೂಮ್ ತಗೋಬಹುದು. ಉಳ್ಕೊಳ್ಳದೇನೇ ಪಾಯಿಂಟ್ ಬೇಕು ಅಂದ್ರೆ ನೇರವಾಗಿ ದುಡ್ಡು ಕೊಟ್ಟೂ ಕೊಳ್ಳಬಹುದು. ಮ್ಯಾರಿಯಟ್‌ನಲ್ಲಿ 1,000 ಪಾಯಿಂಟ್‌ಗೆ ಮಾಮೂಲಿ ಬೆಲೆ 12.50 ಡಾಲರ್. ಈ ಬೆಲೆಗೆ ಕೊಂಡ್ರೆ ಲಾಭ ಆಗೋದು ಅಪರೂಪ. ಅದಕ್ಕೇ ವರ್ಷಕ್ಕೆ ಹಲವು ಸಲ ಸೇಲ್ ಹಾಕ್ತಾರೆ. ಅಂದ್ರೆ "ಇನ್ನು ಮೂರೇ ದಿನ" ಅನ್ನೋದಕ್ಕೆ ಗಾಬರಿ ಬೀಳಬೇಕಾಗಿಲ್ಲ. ಈ ಸೇಲ್ ಹೋದ್ರೆ ಇನ್ನೊಂದು ಬರುತ್ತೆ.

ಕಂಪನಿಗೆ ಇದರಿಂದ ಏನು ಲಾಭ? ಕಾಮರ್ಸ್ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ. ನಿಮ್ಮ ದುಡ್ಡು ಇವತ್ತೇ ಅವರ ಕೈಗೆ ಹೋಗುತ್ತೆ, ರೂಮ್ ಕೊಡೋದು ಯಾವತ್ತೋ. ಮ್ಯಾರಿಯಟ್‌ನ ಬ್ಯಾಲೆನ್ಸ್ ಶೀಟ್‌ನಲ್ಲಿ ಸದಸ್ಯರ ಪಾಯಿಂಟ್‌ಗಳು ಹೊಣೆಗಾರಿಕೆ ಅಂತಲೇ, ಅಂದ್ರೆ ತೀರಿಸಬೇಕಾದ ಬಾಕಿ ಅಂತಲೇ ಕೂತಿರುತ್ತೆ. ಆದ್ರೆ ಮಾಮೂಲಿ ಸಾಲಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇಲ್ಲಿ ಬಾಕಿಯ ಬೆಲೆ ಎಷ್ಟು ಅಂತ ನಿರ್ಧಾರ ಮಾಡೋದು ಸಾಲ ಕೊಟ್ಟ ನೀವಲ್ಲ, ಸಾಲಗಾರ ಕಂಪನಿ.

ಬೋನಸ್ ಬೇರೆ, ರಿಯಾಯಿತಿ ಬೇರೆ

ಸೇಲ್ ಎರಡು ವೇಷದಲ್ಲಿ ಬರುತ್ತೆ. ಒಂದು "40% ರಿಯಾಯಿತಿ", ಇನ್ನೊಂದು "50% ಬೋನಸ್". ಕೇಳೋಕೆ ಎರಡನೇದೇ ದೊಡ್ಡದು ಅನ್ಸುತ್ತೆ. ಲೆಕ್ಕ ಹಾಕಿ ನೋಡಿ. 40% ರಿಯಾಯಿತಿ ಅಂದ್ರೆ 1,000 ಪಾಯಿಂಟ್‌ಗೆ 7.50 ಡಾಲರ್. 50% ಬೋನಸ್ ಅಂದ್ರೆ 12.50 ಡಾಲರ್‌ಗೆ 1,500 ಪಾಯಿಂಟ್, ಅಂದ್ರೆ ಸಾವಿರಕ್ಕೆ 8.33 ಡಾಲರ್. 50% ಬೋನಸ್ ಅನ್ನೋದು ನಿಜವಾಗಿ 33% ರಿಯಾಯಿತಿ ಅಷ್ಟೇ. 100% ಬೋನಸ್ ಇದ್ರೆ ಮಾತ್ರ ಬೆಲೆ ಅರ್ಧಕ್ಕೆ ಇಳಿಯುತ್ತೆ.

ಇನ್ನೊಂದು ವಿಷಯ. ಹಿಲ್ಟನ್ ಪಾಯಿಂಟ್ 100% ಬೋನಸ್ ಇರುವಾಗ ಒಂದಕ್ಕೆ ಅರ್ಧ ಸೆಂಟ್‌ಗೆ ಸಿಗುತ್ತೆ. ಹಯಾತ್ ಪಾಯಿಂಟ್‌ನ ಮಾಮೂಲಿ ಬೆಲೆ 2.4 ಸೆಂಟ್. ಹಾಗಂತ ಹಿಲ್ಟನ್ ಅಗ್ಗ ಅನ್ನೋ ಹಾಗಿಲ್ಲ, ಯಾಕಂದ್ರೆ ಅಲ್ಲಿ ಒಂದು ರೂಮ್‌ಗೆ ಕೇಳೋ ಪಾಯಿಂಟ್ ಸಂಖ್ಯೆಯೂ ದೊಡ್ಡದು. ಯೆನ್ನು ಡಾಲರನ್ನು ಪಕ್ಕದಲ್ಲಿಟ್ಟು ಯಾವುದು ಅಗ್ಗ ಅಂತ ಕೇಳಿದ ಹಾಗೆ ಅದು.

ನಮ್ಮ ಕೈಗೆ ಬೀಳೋ ನಿಜವಾದ ಬೆಲೆ

ಈಗ ಕೇಳುಗರ ಪ್ರಶ್ನೆಗೆ ಬರೋಣ. ಬಿಲ್ಲು ಡಾಲರ್‌ನಲ್ಲಿ ಬರುತ್ತೆ. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಡಾಲರ್‌ಗೆ 90 ರೂಪಾಯಿ ಅಂತ ಇಟ್ಕೊಳ್ಳೋಣ. 7.50 ಡಾಲರ್ ಅಂದ್ರೆ 675 ರೂಪಾಯಿ. ಇದರ ಮೇಲೆ ನಮ್ಮ ಕ್ರೆಡಿಟ್ ಕಾರ್ಡ್ ವಿದೇಶಿ ಕರೆನ್ಸಿ ಮಾರ್ಕಪ್ ಹಾಕುತ್ತೆ. ಬಹಳಷ್ಟು ಕಾರ್ಡ್‌ಗಳಲ್ಲಿ ಇದು 3.5%, ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಎಲ್ಲಾ ಸೇರಿ 4.13%. ಈಗ ಸಾವಿರ ಪಾಯಿಂಟ್‌ಗೆ ಸುಮಾರು 703 ರೂಪಾಯಿ, ಅಂದ್ರೆ ಒಂದು ಪಾಯಿಂಟ್‌ಗೆ 70 ಪೈಸೆ. ಇನ್ನೊಂದು ಮಾತು, ಈ ಮಾರಾಟ ನಡೆಸೋದು ಹೋಟೆಲ್ ಅಲ್ಲ, ಪಾಯಿಂಟ್ಸ್ ಡಾಟ್ ಕಾಮ್ ಅನ್ನೋ ಸಂಸ್ಥೆ. ಹಾಗಾಗಿ ಹೋಟೆಲ್ ಖರ್ಚಿಗೆ ಕಾರ್ಡ್ ಕೊಡೋ ಹೆಚ್ಚಿನ ರಿವಾರ್ಡ್ ಇಲ್ಲೂ ಬರುತ್ತೆ ಅಂತ ಲೆಕ್ಕ ಹಾಕ್ಕೋಬೇಡಿ.

ಒಂದು ಹೋಟೆಲ್ ರಾತ್ರಿಗೆ 20,000 ಪಾಯಿಂಟ್ ಕೇಳ್ತಿದೆ ಅಂತ ಇಟ್ಕೊಳ್ಳಿ. ಕೊಂಡ ಪಾಯಿಂಟ್‌ನಲ್ಲಿ ಅದರ ಬೆಲೆ 14,060 ರೂಪಾಯಿ. ಅದೇ ರೂಮ್‌ಗೆ ದುಡ್ಡು ಕೊಟ್ರೆ ಎಷ್ಟು? ಇಲ್ಲಿ ತೆರಿಗೆ ಮರೀಬೇಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮ್‌ಗೆ 5% ಜಿಎಸ್‌ಟಿ, ಅದಕ್ಕಿಂತ ಮೇಲಿದ್ರೆ 18%. ಪಾಯಿಂಟ್‌ನಲ್ಲಿ ತಗೊಂಡ್ರೆ ರೂಮ್ ಬಾಡಿಗೆ ಮೇಲಿನ ಈ ತೆರಿಗೆ ಸಾಮಾನ್ಯವಾಗಿ ನಮ್ಮ ಬಿಲ್ಲಿಗೆ ಬರಲ್ಲ.

ರೂಮ್ ಬಾಡಿಗೆ 16,000 ಇದ್ರೆ ತೆರಿಗೆ ಸೇರಿ 18,880. ಪಾಯಿಂಟ್ ದಾರಿಯಲ್ಲಿ 4,820 ಉಳೀತು. ಬಾಡಿಗೆ 11,000 ಇದ್ರೆ ತೆರಿಗೆ ಸೇರಿ 12,980. ಪಾಯಿಂಟ್ ಕೊಂಡವರಿಗೆ 1,080 ರೂಪಾಯಿ ನಷ್ಟ. ಸೇಲ್ ಅದೇ, ಹೋಟೆಲ್ ಅದೇ, ತಾರೀಕು ಮಾತ್ರ ಬೇರೆ. ಬೆಂಗಳೂರಿನ ಬಿಸಿನೆಸ್ ಹೋಟೆಲ್‌ಗಳು ವಾರದ ದಿನ ದುಬಾರಿ, ಕೊಡಗಿನ ರೆಸಾರ್ಟ್‌ಗಳು ಶನಿವಾರ ಭಾನುವಾರ ದುಬಾರಿ. ಒಂದು ದಿನ ಆಚೀಚೆ ಆದ್ರೂ ಉತ್ತರ ತಲೆಕೆಳಗಾಗಬಹುದು.

ಇಲ್ಲಿಗೆ ಲೆಕ್ಕ ಮುಗಿಯಲ್ಲ. ದುಡ್ಡು ಕೊಟ್ಟು ಉಳ್ಕೊಂಡ್ರೆ ಮ್ಯಾರಿಯಟ್‌ನ ಹೆಚ್ಚಿನ ಬ್ರ್ಯಾಂಡ್‌ಗಳಲ್ಲಿ ಡಾಲರ್‌ಗೆ 10 ಪಾಯಿಂಟ್ ಬರುತ್ತೆ, ಪಾಯಿಂಟ್‌ನಲ್ಲಿ ಉಳ್ಕೊಂಡ ರೂಮ್ ಬಾಡಿಗೆಗೆ ಅದು ಬರಲ್ಲ. 16,000 ರೂಪಾಯಿಗೆ ಸುಮಾರು 1,780 ಪಾಯಿಂಟ್, 70 ಪೈಸೆ ಲೆಕ್ಕದಲ್ಲಿ 1,245 ರೂಪಾಯಿ. ಇದನ್ನ ಉಳಿತಾಯದಿಂದ ಕಳೀರಿ, ಉಳಿಯೋದು ಸುಮಾರು 3,600 ಮಾತ್ರ. ತಿಂಡಿ ಸೇರಿದ ಬಾಡಿಗೆ ಜೊತೆ ಹೋಲಿಸಬೇಡಿ, ಬರೀ ಪಾಯಿಂಟ್‌ಗೆ ಕೊಟ್ಟ ರೂಮ್‌ನಲ್ಲಿ ಸಾಮಾನ್ಯ ಸದಸ್ಯರಿಗೆ ತಿಂಡಿ ಉಚಿತ ಅಲ್ಲ. ಹಾಗೇ ಸದಸ್ಯರಿಗೆ ಸಿಗೋ ಕಡಿಮೆ ದರದ ಜೊತೆ ಹೋಲಿಸಿ, ವೆಬ್‌ಸೈಟ್‌ನಲ್ಲಿ ಕಾಣೋ ದೊಡ್ಡ ದರದ ಜೊತೆ ಅಲ್ಲ. ಮ್ಯಾರಿಯಟ್‌ನ ಕೆಲವು ರೆಸಾರ್ಟ್‌ಗಳು ಪಾಯಿಂಟ್ ಬುಕಿಂಗ್ ಮೇಲೂ ರೆಸಾರ್ಟ್ ಶುಲ್ಕ ಹಾಕ್ತವೆ, ಅದನ್ನೂ ನೋಡ್ಕೊಳ್ಳಿ.

ಐದನೇ ರಾತ್ರಿ ಲೆಕ್ಕ ಬದಲಿಸುತ್ತೆ

ನಮ್ಮ ಕೇಳುಗರಿಗೆ ಇಲ್ಲಿ ಅನುಕೂಲ ಇದೆ. ಮ್ಯಾರಿಯಟ್‌ನಲ್ಲಿ ಒಂದೇ ಹೋಟೆಲ್‌ನಲ್ಲಿ ಸತತ ಐದು ರಾತ್ರಿ ಪಾಯಿಂಟ್‌ನಲ್ಲಿ ಬುಕ್ ಮಾಡಿದ್ರೆ, ಅದರಲ್ಲಿ ಕಡಿಮೆ ಪಾಯಿಂಟ್‌ನ ಒಂದು ರಾತ್ರಿ ಉಚಿತ. ಇದು ಎಲ್ಲಾ ಸದಸ್ಯರಿಗೂ ಇದೆ. ಹಿಲ್ಟನ್‌ನಲ್ಲಿ ಇಂಥದ್ದೇ ಸೌಲಭ್ಯಕ್ಕೆ ಕನಿಷ್ಠ ಸಿಲ್ವರ್ ದರ್ಜೆ ಬೇಕು.

ಮೇಲೆ ನಷ್ಟ ತೋರಿಸಿದ ಅದೇ 11,000ದ ರೂಮ್ ತಗೊಳ್ಳಿ. ಐದು ರಾತ್ರಿಗೆ ದುಡ್ಡಿನಲ್ಲಿ 64,900. ಪಾಯಿಂಟ್‌ನಲ್ಲಿ 80,000 ಸಾಕು, ಅದಕ್ಕೆ 56,240. ದುಡ್ಡು ಕೊಟ್ಟಿದ್ರೆ ಬರ್ತಿದ್ದ 6,110 ಪಾಯಿಂಟ್‌ನ ಬೆಲೆ ಕಳೆದ್ರೂ ಸುಮಾರು 4,400 ಉಳಿಯುತ್ತೆ. ವರ್ಷಕ್ಕೆ ಮಾಮೂಲಿಯಾಗಿ 1,00,000 ಪಾಯಿಂಟ್‌ವರೆಗೆ ಕೊಳ್ಳೋಕೆ ಬಿಡ್ತಾರೆ, ಹಾಗಾಗಿ ಮಿತಿಯೊಳಗೇ ಆಗುತ್ತೆ.

ನೆನಪಿರ್ಲಿ, ಇವೆಲ್ಲ ಉದಾಹರಣೆಗೆ ಇಟ್ಕೊಂಡ ಬಾಡಿಗೆಗಳು. ನಿಮ್ಮ ಹೋಟೆಲ್, ನಿಮ್ಮ ತಾರೀಕು ಹಾಕಿ ಇದೇ ಲೆಕ್ಕ ಮತ್ತೆ ಮಾಡಿ.

"ಯಾವತ್ತಾದ್ರೂ ಬೇಕಾಗುತ್ತೆ" ಅಂತ ಕೊಳ್ಳಬೇಡಿ

ಅಪಾಯ ಇರೋದೇ ಇಲ್ಲಿ. ಮ್ಯಾರಿಯಟ್ 2022ರ ಮಾರ್ಚ್‌ನಲ್ಲಿ ನಿಗದಿತ ಪಾಯಿಂಟ್ ಪಟ್ಟಿಯನ್ನೇ ಕೈಬಿಡ್ತು. ಈಗ ಒಂದು ರೂಮ್‌ಗೆ ಎಷ್ಟು ಪಾಯಿಂಟ್ ಅನ್ನೋದು ಬೇಡಿಕೆ ನೋಡ್ಕೊಂಡು ಏರಿಳಿಯುತ್ತೆ. ಇವತ್ತು 20,000 ಇರೋದು ಆರು ತಿಂಗಳು ಬಿಟ್ಟು 26,000 ಆದ್ರೆ ಯಾರನ್ನೂ ಕೇಳೋ ಹಾಗಿಲ್ಲ, ನಿಯಮದಲ್ಲೇ ಬದಲಾಯಿಸೋ ಹಕ್ಕು ಕಂಪನಿ ಇಟ್ಕೊಂಡಿರುತ್ತೆ. ಎಫ್‌ಡಿಗೆ ಬಡ್ಡಿ ಬರುತ್ತೆ, ಪಾಯಿಂಟ್‌ಗೆ ಬರಲ್ಲ. 24 ತಿಂಗಳು ಖಾತೆಯಲ್ಲಿ ಯಾವ ಚಟುವಟಿಕೆಯೂ ಇಲ್ಲದಿದ್ರೆ ಪಾಯಿಂಟ್ ಹೋಗಿಬಿಡುತ್ತೆ.

ಇನ್ನೂ ಒಂದು. ಪಾಯಿಂಟ್ ಬುಕಿಂಗ್ ಗಡುವಿನೊಳಗೆ ರದ್ದು ಮಾಡಿದ್ರೆ ಪಾಯಿಂಟ್ ವಾಪಸ್ ಬರುತ್ತೆ, ದುಡ್ಡು ಬರಲ್ಲ. ಅಪ್ಪನಿಗೆ ಹುಷಾರಿಲ್ಲ ಅಂತ ಪ್ರವಾಸ ನಿಂತುಹೋದ್ರೆ, ಆಸ್ಪತ್ರೆ ಬಿಲ್ಲನ್ನ ಪಾಯಿಂಟ್‌ನಲ್ಲಿ ಕಟ್ಟೋಕಾಗಲ್ಲ. ಕೂಡಿಟ್ಟ ದುಡ್ಡು ಇದೊಂದೇ ಆಗಿದ್ರೆ, ನಾಲ್ಕು ಸಾವಿರದ ಉಳಿತಾಯಕ್ಕೆ 56,000 ರೂಪಾಯಿಯನ್ನ ಒಂದೇ ಕಂಪನಿಯ ಹೋಟೆಲ್‌ಗಳಿಗೆ ಕಟ್ಟಿಹಾಕೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ತುರ್ತು ಖರ್ಚಿಗೆ ಬೇರೆ ದುಡ್ಡು ಇದೆ, ತಾರೀಕು ಗಟ್ಟಿ ಆಗಿದೆ ಅಂದ್ರೆ ಧೈರ್ಯವಾಗಿ ಕೊಳ್ಳಿ.

ಕೊಳ್ಳೋ ಮುಂಚೆ ನಾಲ್ಕು ಕೆಲಸ ಮಾಡಿ. ಮೊದಲು ಆ ತಾರೀಕಿಗೆ ಪಾಯಿಂಟ್‌ನಲ್ಲಿ ರೂಮ್ ಇದೆಯಾ ಅಂತ ಆ್ಯಪ್‌ನಲ್ಲಿ ನೋಡಿ. ಎರಡನೇದು, ತೆರಿಗೆ ಸೇರಿದ ದುಡ್ಡಿನ ಮೊತ್ತ ಬರ್ಕೊಳ್ಳಿ. ಮೂರನೇದು, ಮಾರ್ಕಪ್ ಸೇರಿಸಿ ಪಾಯಿಂಟ್‌ನ ಮೊತ್ತ ಬರ್ಕೊಳ್ಳಿ. ನಾಲ್ಕನೇದು, ಮನೆಯಲ್ಲಿ ಬೇರೆಯವರ ಖಾತೆಯಲ್ಲಿ ಪಾಯಿಂಟ್ ಇದೆಯಾ ಕೇಳಿ. ಮ್ಯಾರಿಯಟ್‌ನಲ್ಲಿ ಸದಸ್ಯರು ಒಬ್ಬರಿಗೊಬ್ಬರು ಪಾಯಿಂಟ್ ವರ್ಗಾಯಿಸಬಹುದು, ಕೊರತೆ ಇರೋಷ್ಟನ್ನ ಮಾತ್ರ ಕೊಂಡ್ರೆ ಸಾಕು. ಎರಡು ಮೊತ್ತದ ನಡುವೆ ಕನಿಷ್ಠ 15-20% ವ್ಯತ್ಯಾಸ ಇಲ್ಲದಿದ್ರೆ ನಾನಂತೂ ದುಡ್ಡೇ ಕೊಡ್ತೀನಿ. ಕೊಂಡ ಪಾಯಿಂಟ್ ಖಾತೆಗೆ ಬಂದ ತಕ್ಷಣ ಬುಕ್ ಮಾಡಿ, ಇಟ್ಕೊಂಡು ಕೂರಬೇಡಿ.

ನಿಮ್ಮ ತಾರೀಕು, ಬಾಡಿಗೆ, ಪಾಯಿಂಟ್ ಮೂರನ್ನೂ ಬರೆದು ಕಳ್ಸಿದ್ರೆ ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಲೆಕ್ಕ ಹಾಕಿ ನೋಡೋಣ.