ರಾತ್ರಿಪಾಳಿಯ ಪುಟ್ಟ ಸೆಲ್

ನಮ್ಮ ಬೀದಿಯ ಡಿಟಿಪಿ ಅಂಗಡಿಯಲ್ಲಿ ಬೆಳಗಿನ ಮೊದಲ ಕೆಲಸ ದೇವರ ಪಟಕ್ಕೆ ಊದುಬತ್ತಿ ಹಚ್ಚುವುದು. ಎರಡನೆಯದು ಕಂಪ್ಯೂಟರ್ ಆನ್ ಮಾಡಿ ಎಫ್1 ಒತ್ತುವುದು. ಕಪ್ಪು ಪರದೆಯ ಮೇಲೆ 'ಸಿಮಾಸ್ ಚೆಕ್‌ಸಮ್ ಎರರ್' ಎಂದು ಬಂದು ನಿಲ್ಲುತ್ತದೆ, ಒತ್ತಿದರೆ ಮುಂದೆ ಹೋಗುತ್ತದೆ. ಆ ಪೆಂಟಿಯಂ ಯಂತ್ರದ ಪಾಲಿಗೆ ದಿನವೂ 2002ರ ಜನವರಿ 1. ಈ ವರ್ಷದ ಲಗ್ನಪತ್ರಿಕೆಗಳೆಲ್ಲ ಫೋಲ್ಡರಿನಲ್ಲಿ ಒಂದೇ ದಿನ ಹುಟ್ಟಿದಂತೆ ಕೂತಿವೆ. ಹಳೆಯ ಪೇಜ್‌ಮೇಕರ್, ಹಳೆಯ ನುಡಿ ಫಾಂಟು ಅದರಲ್ಲಿ ಹೊಂದಿಕೊಂಡುಬಿಟ್ಟಿರುವುದರಿಂದ ಯಜಮಾನರು ಅದನ್ನು ಬಿಟ್ಟುಕೊಡುವವರಲ್ಲ.

"ಸೆಲ್ ಹೋಗಿದೆ ಕಣ್ರೀ, ಬದಲಾಯಿಸಬೇಕು" ಅಂದೆ.

"ಕರೆಂಟಲ್ಲಿ ಓಡೋ ಮಷೀನಿಗೆ ಸೆಲ್ ಯಾತಕ್ಕೆ ಸಾರ್?"

ನ್ಯಾಯವಾದ ಪ್ರಶ್ನೆ. ಮೊದಮೊದಲು ಅದು ಇರಲೂ ಇಲ್ಲ. 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಗೆ ಸ್ವಿಚ್ ಆರಿಸಿದ ಮೇಲೂ ನಡೆಯುವ ಗಡಿಯಾರವಿರಲಿಲ್ಲ. ಶುರುವಾದಾಗಲೆಲ್ಲ ಡಾಸ್ ದಿನಾಂಕ ಕೇಳುತ್ತಿತ್ತು; ಬೇಸರಪಟ್ಟು ಬರೀ ಎಂಟರ್ ಒತ್ತಿದವರಿಗೆ 1980ರ ಜನವರಿ 1. ಮೆಮೊರಿ ಎಷ್ಟು, ಫ್ಲಾಪಿ ಡ್ರೈವ್ ಎಷ್ಟು ಎಂಬ ಲೆಕ್ಕವನ್ನು ಬೋರ್ಡಿನ ಮೇಲಿನ ಸಾಸಿವೆ ಗಾತ್ರದ ಸ್ವಿಚ್ಚುಗಳು ಇಟ್ಟುಕೊಳ್ಳುತ್ತಿದ್ದವು. ಪೆನ್ನಿನ ತುದಿಯಿಂದ ಅತ್ತ ಇತ್ತ ಸರಿಸಿದರಾಯಿತು. ಸ್ವಿಚ್ಚಿಗೆ ಮರೆವಿಲ್ಲ.

1984ರ ಪಿಸಿ ಎಟಿಯೊಂದಿಗೆ ಹಾರ್ಡ್ ಡಿಸ್ಕು ಮುಂತಾದವುಗಳ ಪಟ್ಟಿ ಬೆಳೆಯಿತು. ಐಬಿಎಂ ಎಂಜಿನಿಯರುಗಳು ಮೊಟೊರೊಲಾದ 146818 ಎಂಬ ಚಿಪ್ ಕೂರಿಸಿದರು. ಅದರಲ್ಲಿದ್ದದ್ದು 64 ಬೈಟ್: ಗಡಿಯಾರಕ್ಕೆ 14, ಉಳಿದ ಸಂಸಾರಕ್ಕೆಲ್ಲ 50. ಈ ಒಂದು ಸಾಲೂ ಅಷ್ಟರಲ್ಲಿ ಹಿಡಿಯದು. ಅದಕ್ಕೆ ಉಸಿರು ಕೊಡಲು 6 ವೋಲ್ಟಿನ ಲಿಥಿಯಂ ಬ್ಯಾಟರಿ. 1963ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಫ್ರಾಂಕ್ ವಾನ್‌ಲಾಸ್ ರೂಪಿಸಿದ ಸಿಮಾಸ್ ವಿಧಾನದಲ್ಲಿ ಮಾಡಿದ ಚಿಪ್ ಸುಮ್ಮನೆ ಕೂತಾಗ ವಿದ್ಯುತ್ತನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ, ಹಾಗಾಗಿ ಬ್ಯಾಟರಿ ಸಾಕಾಯಿತು. ಇಂದು ಕಂಪ್ಯೂಟರಿನ ಬಹುತೇಕ ಚಿಪ್ಪುಗಳೂ ಸಿಮಾಸೇ. ಆದರೂ ರಿಪೇರಿಯವರ ಬಾಯಲ್ಲಿ ಆ ಹೆಸರು ಈ ಸೆಲ್ಲಿಗೇ ಅಂಟಿಕೊಂಡಿದೆ.

ಆಮೇಲೆ ಬಂದದ್ದು ಕೆಟ್ಟ ಕಾಲ. 286, 386, 486ರ ಅನೇಕ ಬೋರ್ಡುಗಳಿಗೆ ನೀಲಿ ಪೀಪಾಯಿಯಂಥ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿಯೇ ಕೂರಿಸಿದರು. ಯಂತ್ರ ಓಡುವಾಗ ತಾನೇ ಚಾರ್ಜ್ ಆಗುತ್ತದೆ, ಬದಲಾಯಿಸುವ ಗೊಡವೆಯಿಲ್ಲ ಎಂಬ ಜಾಣತನ. ವಯಸ್ಸಾದಂತೆ ಅದು ಸೋರಿತು. ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೋರ್ಡಿನ ಕೂದಲೆಳೆಯಂಥ ತಾಮ್ರದ ಗೆರೆಗಳನ್ನು ತಿಂದು, ತಿಕ್ಕದೆ ಬಿಟ್ಟ ಚೆಂಬಿನ ಹಾಗೆ ಹಸಿರು ಕಿಲುಬು ಹಿಡಿಸಿತು. ಚೆಂಬಿಗೆ ಹುಣಸೆಹಣ್ಣು, ಇದಕ್ಕೆ ವಿನಿಗರ್. ಹಳೆಯ ಯಂತ್ರ ಕೂಡಿಡುವವರು ಇಂದಿಗೂ ಮಾಡುವ ಮೊದಲ ಕೆಲಸ ಆ ಪೀಪಾಯಿ ಕತ್ತರಿಸಿ ತೆಗೆಯುವುದು. ಸೋರದಿದ್ದರೂ ಚಾರ್ಜ್ ಇಳಿದರೆ ಯಂತ್ರಕ್ಕೆ ತನ್ನ ಹಾರ್ಡ್ ಡಿಸ್ಕೇ ಮರೆತುಹೋಗುತ್ತಿತ್ತು. ಆದ್ದರಿಂದ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರುಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಗೆ ಅಂಟಿಸುವ ರೂಢಿಯಿತ್ತು.

ಡಲ್ಲಾಸ್ ಸೆಮಿಕಂಡಕ್ಟರ್ ಇನ್ನೊಂದು ದಾರಿ ಹಿಡಿಯಿತು: ಗಡಿಯಾರದ ಚಿಪ್ಪು, ಲಿಥಿಯಂ ಸೆಲ್ಲು ಎರಡನ್ನೂ ಒಂದೇ ಎಪಾಕ್ಸಿ ಕಲ್ಲಿನಲ್ಲಿ ಹೂತಿಟ್ಟಿತು. ಬಾಳಿಕೆ ಹತ್ತು ವರ್ಷ. ಹನ್ನೊಂದನೆಯ ವರ್ಷ ಏನು ಮಾಡಬೇಕು? ಕಲ್ಲನ್ನು ಕೊರೆದು, ಒಳಗಿನ ತಂತಿ ಹುಡುಕಿ, ಹೊಸ ಸೆಲ್ ಬೆಸೆಯಬೇಕು.

ಕೊನೆಗೆ ಗೆದ್ದದ್ದು ಸಿಆರ್2032 ಎಂಬ ಬಿಲ್ಲೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹೆಸರಿನ ಅಂಕಿಗಳ ಅರ್ಥವೇ ಅದು. 3 ವೋಲ್ಟು, ಸುಮಾರು 220 ಮಿಲಿಆಂಪಿಯರ್-ಗಂಟೆ. ಗಡಿಯಾರ 5 ಮೈಕ್ರೊಆಂಪಿಯರ್ ಎಳೆದರೆ 44,000 ಗಂಟೆ, ಅಂದರೆ ಐದು ವರ್ಷ. ಉಗುರಿನಲ್ಲಿ ಕ್ಲಿಪ್ ಸರಿಸಿದರೆ ಎದ್ದು ಬರುತ್ತದೆ.

ಈ ಲೆಕ್ಕ ಹೇಳುವಾಗಲೇ ನನಗೆ ಹೊಳೆದದ್ದು, ಯಜಮಾನರ ಸೆಲ್ಲು ಎರಡು ಸಲ ಬೇಗ ಸತ್ತದ್ದೇಕೆ ಎಂದು. ಪ್ಲಗ್ಗಿನಲ್ಲಿ ಕರೆಂಟಿದ್ದರೆ, ಆರಿಸಿಟ್ಟ ಕಂಪ್ಯೂಟರಿನಲ್ಲೂ ಸಣ್ಣ ಧಾರೆಯೊಂದು ಹರಿದು ಸೆಲ್ಲಿನ ಭಾರ ಇಳಿಸುತ್ತದೆ. ಇವರೋ ಶಾರ್ಟ್ ಸರ್ಕ್ಯೂಟ್ ಭಯಕ್ಕೆ ರಾತ್ರಿ ಮೇನ್ ಸ್ವಿಚ್ಚೇ ಇಳಿಸುತ್ತಾರೆ. ರಾತ್ರಿಯಿಡೀ, ಭಾನುವಾರವಿಡೀ ಆ ಬಿಲ್ಲೆಯೊಂದರದೇ ಪಾಳಿ. ಮೇನ್ ಇಳಿಸಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಸೆಲ್ಲಿಗಿಂತ ಅಂಗಡಿ ದುಬಾರಿ.

ಪಕ್ಕದ ವಾಚ್ ರಿಪೇರಿಯವರಿಂದ ಹೊಸ ಸೆಲ್ ಬಂತು. ಪ್ಲಗ್ ಕಿತ್ತು, ಧೂಳು ಊದಿ, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿದೆ. ಹಳೆಯದನ್ನು ಯಜಮಾನರು ಮೊಮ್ಮಗನ ಕೈಗೆ ಆಟಕ್ಕೆ ಕೊಡಹೊರಟರು. ತಟ್ಟನೆ ಕಿತ್ತುಕೊಂಡೆ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟೀತು, ಸತ್ತಂತೆ ಕಂಡ ಸೆಲ್ಲಿಗೂ ಅಷ್ಟು ಕಸುವಿರುತ್ತದೆ. ಅದಕ್ಕೆ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ.

ಯಂತ್ರ ಎದ್ದಿತು. ಎಫ್1 ಕೇಳಲಿಲ್ಲ. ಯಜಮಾನರು ಗೋಡೆ ಗಡಿಯಾರ ನೋಡಿ ಗಂಟೆ ತುಂಬಿಸಿದರು. ಹುಡುಗರು ಬೇಗ ಬರಲಿ ಎಂದು ಅದನ್ನು ಹತ್ತು ನಿಮಿಷ ಮುಂದಿಟ್ಟಿದ್ದಾರೆ.