ಒಡೆದ ಬಕೆಟ್ಟಿನಲ್ಲಿ ಮನೆಮಂದಿಗೆ ಸೊಪ್ಪು

ನಿಮ್ಮ ಮನೆಯ ಹಿತ್ತಲಲ್ಲೋ ಬಚ್ಚಲ ಪಕ್ಕದಲ್ಲೋ ಮಾಳಿಗೆಯ ಮೇಲೋ ಹಿಡಿಕೆ ಮುರಿದ ಬಕೆಟ್ಟೊಂದು ಬಿದ್ದಿದೆಯೇ? ಹಾಗಿದ್ದರೆ ಇಂದೇ ಅದರ ತಳ ನೋಡಿ. ತೂತಿಲ್ಲದ ಬಕೆಟ್ಟಿನಲ್ಲಿ ಮಳೆನೀರು ನಿಂತು ಡೆಂಗಿ ಹರಡುವ ಸೊಳ್ಳೆ ಬೆಳೆಯುತ್ತದೆ. ಅದೇ ಬಕೆಟ್ಟಿಗೆ ತೂತು ಕೊರೆದು ಮಣ್ಣು ತುಂಬಿದರೆ ತಿಂಗಳೊಳಗೆ ಮನೆಮಂದಿಗೆ ಸೊಪ್ಪು ಸಿಗುತ್ತದೆ. ವಸ್ತು ಒಂದೇ, ಅದು ರೋಗ ತರಬೇಕೋ ಆರೋಗ್ಯ ತರಬೇಕೋ ಎಂಬುದು ನಮ್ಮ ಕೈಯಲ್ಲಿದೆ.

ಬಾಗಲಕೋಟೆ ಜಿಲ್ಲೆಯ ಕಮತಗಿಯಂತಹ ನೇಕಾರರ ಊರುಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಅಲ್ಲಿ ಮನೆಯ ನಡುಮನೆಯನ್ನು ಮಗ್ಗವೇ ಆಕ್ರಮಿಸಿರುತ್ತದೆ. ಗಂಡಸರು ಮಗ್ಗದ ಕುಣಿಯಲ್ಲಿ ಕುಳಿತರೆ ಹೆಂಗಸರು ಕಂಡಿಕೆ ಸುತ್ತುತ್ತಾರೆ. ಹಿತ್ತಲು ಇರುವ ಮನೆಗಳು ಕಡಿಮೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಕೂಲಿ ಕಡಿಮೆಯಾದ ವಾರ ಸಂತೆಯ ಚೀಲದಲ್ಲಿ ಮೊದಲು ಕಡಿಮೆಯಾಗುವುದು ಅಕ್ಕಿಯೂ ಅಲ್ಲ, ಜೋಳವೂ ಅಲ್ಲ, ತರಕಾರಿ. ತಟ್ಟೆಯಲ್ಲಿ ರೊಟ್ಟಿ, ಬೇಳೆ, ಖಾರ ಇದ್ದರೆ ಊಟ ಆಯಿತು ಎನ್ನುತ್ತೇವೆ. ಹೊಟ್ಟೆ ತುಂಬುತ್ತದೆ ನಿಜ, ಆದರೆ ರಕ್ತಕ್ಕೆ ಬೇಕಾದದ್ದು ಸಿಗುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಸುಮಾರು ಶೇ. 65. ಅಂದರೆ ಮೂರು ಮಕ್ಕಳಲ್ಲಿ ಇಬ್ಬರಿಗೆ. ಬೇಗ ಆಯಾಸ, ತಲೆಸುತ್ತು, ಮುಖ ಬಿಳಿಚಿಕೊಳ್ಳುವುದು, ಮಕ್ಕಳಿಗೆ ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇವೆಲ್ಲ ಅದರ ಲಕ್ಷಣಗಳು. ನಾವು ಇದನ್ನು 'ಕೆಲಸದ ದಣಿವು' ಎಂದುಕೊಂಡು ಸುಮ್ಮನಾಗುತ್ತೇವೆ.

ಬಕೆಟ್ ತೋಟದಿಂದ ಎಷ್ಟು ನಿರೀಕ್ಷಿಸಬಹುದು?

ಒಬ್ಬ ವಯಸ್ಕ ವ್ಯಕ್ತಿ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ಜನರ ಕುಟುಂಬಕ್ಕೆ ಅದು ದಿನಕ್ಕೆ ಎರಡು ಕಿಲೋ ಆಯಿತು. ಹತ್ತು ಬಕೆಟ್ಟುಗಳಿಂದ ಅಷ್ಟು ಬರುವುದಿಲ್ಲ. ಸಂತೆಯನ್ನು ಬಿಟ್ಟುಬಿಡಬಹುದು ಎಂದುಕೊಂಡು ಆರಂಭಿಸಿದರೆ ನಿರಾಶೆಯಾಗುತ್ತದೆ.

ಆದರೆ ಸೊಪ್ಪಿನ ವಿಷಯ ಬೇರೆ. ಎಂಟು ಅಗಲವಾದ ಟಬ್‌ಗಳಿದ್ದರೆ ವಾರಕ್ಕೆ ಎರಡರಂತೆ ಬಿತ್ತುತ್ತಾ ಬನ್ನಿ. ನಾಲ್ಕನೇ ವಾರ ಎಂಟೂ ತುಂಬುವಾಗ ಮೊದಲ ಎರಡು ಕೊಯ್ಲಿಗೆ ಸಿದ್ಧವಾಗುತ್ತವೆ. ಅವನ್ನು ಕೊಯ್ದು ಮತ್ತೆ ಬಿತ್ತಿದರೆ ವಾರಕ್ಕೆ ಎರಡು ಬಾರಿ ಮನೆಯದೇ ಸೊಪ್ಪು ಸಿಗುತ್ತದೆ. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ಹಂಚಲೂ ಸಾಲದಷ್ಟು ಜನ ಬೇಕಾಗುತ್ತಾರೆ, ಮುಂದಿನ ಮೂರು ವಾರ ಟಬ್‌ಗಳು ಬರಿದಾಗಿರುತ್ತವೆ.

ಇನ್ನೊಂದು ಮಾತು. ಸೊಪ್ಪು ತಿಂದ ಮಾತ್ರಕ್ಕೆ ರಕ್ತಹೀನತೆ ವಾಸಿಯಾಗುವುದಿಲ್ಲ. ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಸ್ವಲ್ಪವೇ ಹೀರಿಕೊಳ್ಳುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿದರೆ ಅಥವಾ ಜೊತೆಗೆ ಹಸಿ ಟೊಮೆಟೊ ತಿಂದರೆ ಹೀರಿಕೆ ಹೆಚ್ಚುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಆದ್ದರಿಂದ ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಇರಲಿ. ಗರ್ಭಿಣಿಯರು ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಗಳನ್ನು ಸೊಪ್ಪಿನ ನೆಪದಲ್ಲಿ ಬಿಡಬಾರದು. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಪಾಲಕ್, ರಾಜಗಿರಿ ಎಷ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಿಕೊಳ್ಳಿ.

ಯಾವ ಪಾತ್ರೆ ಬೇಕು, ಯಾವುದು ಬೇಡ?

ಹಳೆಯ ಬಕೆಟ್, ಒಡೆದ ಕೊಡ, ಬಟ್ಟೆ ತೊಳೆಯುವ ಟಬ್, ಅಕ್ಕಿ ಅಥವಾ ಹಿಟ್ಟಿನ ಚೀಲ ಎಲ್ಲವೂ ಆಗುತ್ತವೆ. ಸೊಪ್ಪಿಗೆ ಆರರಿಂದ ಎಂಟು ಇಂಚು ಆಳದ ಮಣ್ಣು ಸಾಕು, ಆದರೆ ಬಾಯಿ ಅಗಲವಿರಬೇಕು. ಮೆಣಸಿನಕಾಯಿ, ಬದನೆ, ಟೊಮೆಟೊಗಳಿಗೆ ಒಂದು ಅಡಿ ಆಳದ, 15ರಿಂದ 20 ಲೀಟರಿನ ಬಕೆಟ್ ಬೇಕು. ಒಂದು ಬಕೆಟ್ಟಿಗೆ ಒಂದೇ ಗಿಡ. ಆಸೆಯಿಂದ ಮೂರು ನೆಟ್ಟರೆ ಮೂರೂ ಸೊರಗುತ್ತವೆ.

ಕ್ರಿಮಿನಾಶಕ, ಆ್ಯಸಿಡ್ ಅಥವಾ ರಾಸಾಯನಿಕ ಬಣ್ಣ ತುಂಬಿದ್ದ ಡಬ್ಬಗಳನ್ನು ಎಷ್ಟೇ ತೊಳೆದರೂ ತಿನ್ನುವ ಗಿಡಕ್ಕೆ ಬಳಸಬೇಡಿ. ನೂಲಿಗೆ ಬಣ್ಣ ಹಾಕುವ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬಣ್ಣದ ಬಕೆಟ್ ಬೇಡ, ಬಣ್ಣದ ನೂಲು ತೊಳೆದ ನೀರೂ ಬೇಡ.

ತಳದಲ್ಲಿ ಪೆನ್ಸಿಲ್ ದಪ್ಪದ ಐದಾರು ತೂತು ಕೊರೆಯಿರಿ. ಕಾಯಿಸಿದ ಮೊಳೆಯಿಂದ ಸುಲಭವಾಗಿ ಆಗುತ್ತದೆ, ಆದರೆ ಈ ಕೆಲಸ ದೊಡ್ಡವರೇ ಮಾಡಲಿ, ಸುಟ್ಟ ಪ್ಲಾಸ್ಟಿಕ್‌ನ ಹೊಗೆ ಕುಡಿಯದಂತೆ ಬಯಲಲ್ಲಿ ಮಾಡಲಿ. ತೂತುಗಳ ಮೇಲೆ ಒಡೆದ ಮಡಕೆಯ ಚೂರಿಟ್ಟರೆ ಮಣ್ಣು ಸೋರುವುದಿಲ್ಲ. ಪಾತ್ರೆಯನ್ನು ಎರಡು ಇಟ್ಟಿಗೆಗಳ ಮೇಲಿಡಿ. ನೀರು ಸರಾಗವಾಗಿ ಹೋಗುತ್ತದೆ, ಕೆಳಗೆ ಗುಡಿಸಲೂ ಬರುತ್ತದೆ.

ಮಾಳಿಗೆಗೆ ಭಾರ ಹಾಕುವ ಮುನ್ನ

ಹಸಿ ಮಣ್ಣು ತುಂಬಿದ 20 ಲೀಟರಿನ ಒಂದು ಬಕೆಟ್ 20ರಿಂದ 25 ಕಿಲೋ ತೂಗುತ್ತದೆ. ಹತ್ತಿದ್ದರೆ ಎರಡು ಕ್ವಿಂಟಲ್ ದಾಟುತ್ತದೆ. ನಮ್ಮ ಕಡೆಯ ಹಳೆಯ ಮೇಲ್ಮುದ್ದೆ ಮನೆಗಳ ಮಣ್ಣಿನ ಮಾಳಿಗೆಯ ಮೇಲೆ ಈ ಭಾರವನ್ನೂ ದಿನನಿತ್ಯದ ನೀರನ್ನೂ ಹಾಕಬಾರದು. ತೊಲೆ ಕುಂಬಾಗಿದ್ದರೆ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಅಂತಹ ಮನೆಯವರು ಅಂಗಳ, ಕಟ್ಟೆ, ಮೆಟ್ಟಿಲ ಬದಿ ಇವುಗಳಲ್ಲೇ ಇಡಿ. ಆರ್‌ಸಿಸಿ ಮಾಳಿಗೆಯಾದರೂ ನಡುವೆ ರಾಶಿ ಹಾಕದೆ ಗೋಡೆಯ ಸಾಲಿನ ಮೇಲೆ ಬರುವಂತೆ ಇಡುವುದು ಒಳ್ಳೆಯದು.

ಮಣ್ಣು ಮತ್ತು ಗೊಬ್ಬರ

ಹೊಲದ ಎರೆ ಮಣ್ಣನ್ನು ಹಾಗೆಯೇ ತುಂಬಬೇಡಿ. ನೀರು ಹಾಕಿದರೆ ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ, ಎರಡರಲ್ಲೂ ಬೇರು ಉಸಿರಾಡುವುದಿಲ್ಲ. ಮಸಾರಿ ಅಥವಾ ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಮರಳು ಅಥವಾ ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿ. ಅಮೀನಗಡದ ಕುರಿ ಸಂತೆ ಹತ್ತಿರದಲ್ಲೇ ಇರುವ, ಕುರಿ ಸಾಕುವವರು ಎಲ್ಲೆಡೆ ಇರುವ ಈ ಸೀಮೆಯಲ್ಲಿ ಕುರಿ ಹಿಕ್ಕೆಗೆ ಕೊರತೆಯಿಲ್ಲ. ಆದರೆ ಹಸಿ ಹಿಕ್ಕೆಯಾಗಲಿ ಹಸಿ ಸಗಣಿಯಾಗಲಿ ಬೇಡ. ಅದು ಬೇರನ್ನು ಸುಡುತ್ತದೆ, ರೋಗಾಣುಗಳನ್ನೂ ತರುತ್ತದೆ. ಕೆಲವು ತಿಂಗಳು ಕಳಿತು, ವಾಸನೆ ಹೋಗಿ ಪುಡಿಪುಡಿಯಾದ ಗೊಬ್ಬರವೇ ಆಗಬೇಕು.

ಅಡುಗೆಮನೆಯ ಸಿಪ್ಪೆ, ಚಹಾ ಚರಟಗಳನ್ನು ಒಂದು ಮುಚ್ಚಿದ ಬಕೆಟ್ಟಿನಲ್ಲಿ ಒಣ ಎಲೆಯ ಜೊತೆ ಪದರ ಪದರವಾಗಿ ಹಾಕಿ ಗೊಬ್ಬರ ಮಾಡಿಕೊಳ್ಳಬಹುದು. ಮಾಂಸ, ಎಲುಬು, ಮೀನಿನ ಕಸ ಅದರಲ್ಲಿ ಬೀಳದಿರಲಿ. ಇಲಿ, ನೊಣಗಳು ಬರುತ್ತವೆ. ಬಕ್ರೀದಿನ ಕುರ್ಬಾನಿಯ ತ್ಯಾಜ್ಯವನ್ನು ಗಿಡದ ಬುಡಕ್ಕೆ ಹಾಕುವ ಆಲೋಚನೆಯೂ ಬೇಡ. ಅದನ್ನು ಊರಾಚೆ ಆಳವಾಗಿ ಹೂಳಬೇಕು ಅಥವಾ ಪಟ್ಟಣ ಪಂಚಾಯತಿಯ ವ್ಯವಸ್ಥೆಗೆ ಒಪ್ಪಿಸಬೇಕು.

ಏನು ಬಿತ್ತಬೇಕು?

ಮೊದಲ ಬಾರಿಗೆ ಮೆಂತ್ಯವೇ ಉತ್ತಮ. ಬೀಜಕ್ಕೆ ಅಂಗಡಿಗೆ ಹೋಗಬೇಕಿಲ್ಲ, ಮಸಾಲೆ ಡಬ್ಬಿಯ ಮೆಂತ್ಯ ಕಾಳನ್ನೇ ರಾತ್ರಿ ನೆನೆಸಿ ಬಿತ್ತಿದರೆ 25ರಿಂದ 30 ದಿನಗಳಲ್ಲಿ ಕೊಯ್ಯಬಹುದು. ರಾಜಗಿರಿಯನ್ನು ಬುಡಸಮೇತ ಕೀಳದೆ ಮೇಲಿನಿಂದ ಕೊಯ್ದರೆ ಮತ್ತೆ ಚಿಗುರುತ್ತದೆ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೀಗೆ ಹಲವು ಬಾರಿ ಕೊಯ್ಯಲೆಂದೇ 'ಅರ್ಕಾ ಸುಗುಣ' ಎಂಬ ತಳಿಯನ್ನು ಕೊಟ್ಟಿದೆ. ಪುಂಡಿ ಪಲ್ಯ ಬಿಸಿಲನ್ನು ತಡೆದುಕೊಳ್ಳುತ್ತದೆ. ಪಾಲಕ್, ಸಬ್ಬಸಗಿ, ಕೊತ್ತಂಬರಿಗಳಿಗೆ ಚಳಿಗಾಲ ಒಳ್ಳೆಯದು. ಪುದೀನಾಕ್ಕೆ ಬೀಜ ಬೇಡ, ಸಂತೆಯಿಂದ ತಂದ ಕಟ್ಟಿನ ದಪ್ಪ ಕಡ್ಡಿಗಳನ್ನು ಊರಿದರೆ ಸಾಕು.

ರಮಝಾನ್ ಚಳಿಗಾಲದ ಕೊನೆಗೆ ಬರುವ ವರ್ಷಗಳಲ್ಲಿ ಶಅಬಾನ್ ತಿಂಗಳ ಆರಂಭದಲ್ಲಿ ಕೊತ್ತಂಬರಿ ಬಿತ್ತಿದರೆ ಉಪವಾಸದ ಮೊದಲ ಎರಡು ವಾರಗಳಲ್ಲಿ ಇಫ್ತಾರಿನ ಗಂಜಿಗೆ, ಚಟ್ನಿಗೆ ಮನೆಯದೇ ಸೊಪ್ಪು ಒದಗುತ್ತದೆ. ಕೊತ್ತಂಬರಿ ಕಾಳನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಬಿತ್ತಬೇಕೆಂಬುದು ನೆನಪಿರಲಿ.

ಮೆಣಸಿನಕಾಯಿ, ಬದನೆ, ಟೊಮೆಟೊಗಳಿಗೆ ಸಸಿ ತಂದು ನೆಡುವುದು ಸುಲಭ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಆ ಕಡೆ ಹೋದಾಗ ಅಲ್ಲಿ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ನಮ್ಮ ಹವೆಗೆ ಒಗ್ಗುವ ತಳಿ ಯಾವುದೆಂದು ಕೇಳಿ ತಿಳಿಯಿರಿ.

ಹಣ್ಣು-ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ಸೊಪ್ಪಿಗೆ ಮೂರು-ನಾಲ್ಕು ಗಂಟೆ ಸಾಕು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಹಳೆಯ ಸೀರೆಯೊಂದನ್ನು ಚಪ್ಪರದಂತೆ ಕಟ್ಟಿ. ಮಣ್ಣಿನ ಮೇಲೆ ಶೇಂಗಾ ಸಿಪ್ಪೆ ಹರಡಿದರೆ ತೇವ ಬೇಗ ಆರುವುದಿಲ್ಲ.

ನೀರು: ಎಲ್ಲಿಂದ, ಹೇಗೆ?

'ಕುಡಿಯಲು ನೀರಿಲ್ಲ, ಗಿಡಕ್ಕೆಲ್ಲಿಂದ?' ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ವುಝೂವಿನಲ್ಲಿದೆ. ಪ್ರವಾದಿ(ಸ)ಯವರು ಒಂದು ಮುದ್ದ್, ಅಂದರೆ ಮುಕ್ಕಾಲು ಲೀಟರಿಗಿಂತ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ನಾವು ನಲ್ಲಿ ಬಿಟ್ಟುಕೊಂಡು ಮಾಡುವ ವುಝೂವಿಗೆ ಎಷ್ಟು ಖರ್ಚಾಗುತ್ತದೆಂದು ತಿಳಿಯಲು ಒಂದು ದಿನ ಕೆಳಗೆ ಟಬ್ ಇಟ್ಟು ಅಳೆದು ನೋಡಿ. ಸಾಬೂನಿಲ್ಲದ ಆ ನೀರು ಗಿಡಗಳಿಗೆ ಒಳ್ಳೆಯದು, ಹಾಗೆ ಬಳಸಲು ಧಾರ್ಮಿಕ ಅಡ್ಡಿಯೂ ಇಲ್ಲ. ಬಾಯಿ ಮುಕ್ಕಳಿಸಿದ ನೀರೂ ಅದರಲ್ಲಿ ಇರುವುದರಿಂದ ಎಲೆಯ ಮೇಲೆ ಚಿಮುಕಿಸದೆ ಮೆಣಸು, ಬದನೆಯಂತಹ ಗಿಡಗಳ ಬುಡಕ್ಕೆ ಹಾಕಿ. ಮಸೀದಿಯ ವುಝೂ ನೀರು ಚರಂಡಿಗೆ ಹೋಗುತ್ತಿದ್ದರೆ ಜಮಾಅತಿನವರು ಅದನ್ನು ನಾಲ್ಕು ಗಿಡಗಳತ್ತ ತಿರುಗಿಸಬಹುದು.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೂ ಆಗುತ್ತದೆ. ಮಾಂಸ, ಮೀನು ತೊಳೆದ ನೀರು ಬೇಡವೇ ಬೇಡ. ಬಟ್ಟೆ ಒಗೆದ ನೀರಿನ ಸೋಡಾ ಮಣ್ಣನ್ನು ಕೆಡಿಸುತ್ತದೆ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಮೆಂತ್ಯ, ಹಕ್ಕರಕಿ, ಮೂಲಂಗಿ ಎಲೆಗಳಿಗೆ ಮಾತ್ರ ಶುದ್ಧ ನೀರನ್ನೇ ಹಾಕಿ.

ಬೆರಳನ್ನು ಒಂದು ಇಂಚು ಮಣ್ಣೊಳಗೆ ಒತ್ತಿ ನೋಡಿ. ಒಣಗಿದ್ದರೆ ನೀರು ಕೊಡಿ, ತೇವವಿದ್ದರೆ ಬಿಡಿ. ಬೆಳಗಿನ ಹೊತ್ತೇ ಒಳ್ಳೆಯದು.

ಸೊಳ್ಳೆಗೆ ಎಡೆ ಕೊಡಬೇಡಿ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಮನೆಯ ಸುತ್ತಲಿನ ತಿಳಿ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಸುಮಾರು ಏಳರಿಂದ ಹತ್ತು ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದು ಮತ್ತೆ ನೀರು ಬಿದ್ದಾಗ ಒಡೆಯಬಲ್ಲದು. ಹಾಗಾಗಿ ಬಕೆಟ್ಟಿನ ಕೆಳಗೆ ತಟ್ಟೆ ಇಡಬೇಡಿ, ಇಟ್ಟರೆ ಪ್ರತಿದಿನ ಚೆಲ್ಲಿ. ಗಿಡಕ್ಕೆಂದು ಕೂಡಿಟ್ಟ ನೀರನ್ನು ಅಂದೇ ಮುಗಿಸಿ. ವಾರಕ್ಕೊಮ್ಮೆ ಮನೆಯ ಡ್ರಮ್ಮು, ಕೊಡಗಳನ್ನೆಲ್ಲ ಬರಿದು ಮಾಡಿ, ಒಳಗೋಡೆ ಉಜ್ಜಿ ತೊಳೆದು ಒಣಗಿಸಿ. ಶುಕ್ರವಾರದ ಬೆಳಿಗ್ಗೆ ಜುಮಾ ಸ್ನಾನಕ್ಕೆ ಮುಂಚೆ ಈ ಕೆಲಸ ಇಟ್ಟುಕೊಂಡರೆ ಮರೆಯುವುದಿಲ್ಲ.

ಹುಳ ಬಂದರೆ, ಕೊಯ್ದ ಮೇಲೆ

ಎಲೆಯ ಅಡಿಯಲ್ಲಿ ಹೇನು, ನುಸಿ ಕಂಡರೆ ಮೊದಲು ನೀರು ರಭಸವಾಗಿ ಚಿಮ್ಮಿಸಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ ಐದು ಮಿಲಿ ಲೀಟರ್ ಬೇವಿನೆಣ್ಣೆ, ಎರಡು ಹನಿ ಸಾಬೂನು ನೀರು ಬೆರೆಸಿ ಸಂಜೆ ಸಿಂಪಡಿಸಿ. ಜಿರಳೆ, ಸೊಳ್ಳೆ ಕೊಲ್ಲುವ ಸ್ಪ್ರೇ ಅಥವಾ ಹೊಲಕ್ಕೆ ತಂದು ಉಳಿದ ಔಷಧಿ ತಿನ್ನುವ ಗಿಡದ ಬಳಿ ಸುಳಿಯಬಾರದು. ಕೋಳಿ, ಬೆಕ್ಕುಗಳು ಮಣ್ಣು ಕೆದರದಂತೆ ಬಲೆ ಹಾಕಿ. ಮನೆಯ ಸೊಪ್ಪಾದರೂ ಮೂರು ಬಾರಿ ನೀರು ಬದಲಿಸಿ ತೊಳೆಯಿರಿ. ಮಣ್ಣು ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆದ ಮೇಲೆಯೇ ತಿನ್ನಲಿ.

ಆ ಮಕ್ಕಳನ್ನು ಈ ಕೆಲಸದಿಂದ ದೂರವಿಡಬೇಡಿ. ಸೊಪ್ಪು ಎಂದರೆ ಮುಖ ತಿರುಗಿಸುವ ಮಗು ತಾನೇ ಬಿತ್ತಿದ ಮೆಂತ್ಯವನ್ನು ರುಚಿ ನೋಡದೆ ಬಿಡುವುದು ಕಷ್ಟ. ಒಬ್ಬ ಮುಸ್ಲಿಮ್ ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ಪ್ರಾಣಿಯಾಗಲಿ ತಿಂದರೂ ಅದು ಅವನ ಪಾಲಿಗೆ ಸದಕಾ ಆಗುತ್ತದೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಅದಕ್ಕೆ ತೋಟವೇ ಬೇಕೆಂದಿಲ್ಲ. ಮೊದಲ ಕೊಯ್ಲಿನ ಒಂದು ಹಿಡಿ ಪಕ್ಕದ ಮನೆಗೆ ಹೋಗಲಿ, ಅವರು ಯಾವ ಧರ್ಮದವರೇ ಆಗಿರಲಿ.

ಹತ್ತು ಬಕೆಟ್ ಸೇರಲಿ ಎಂದು ಕಾಯಬೇಡಿ. ಇಂದು ರಾತ್ರಿ ಒಂದು ಹಿಡಿ ಮೆಂತ್ಯ ನೆನೆಸಿಡಿ, ನಾಳೆ ಒಂದು ಬಕೆಟ್ಟಿನ ತಳಕ್ಕೆ ತೂತು ಕೊರೆಯಿರಿ. ಉಳಿದವನ್ನು ಒಂದೊಂದಾಗಿ ಮುಂದಿನ ವಾರಗಳಲ್ಲಿ ಸೇರಿಸಿಕೊಳ್ಳಬಹುದು.